ಪೇಪರ್‌ನೋರು ನಿಮ್ಮ ಅಂಗಡಿ ಬಗ್ಗೆ ಯಾಕೆ ಬರೀಬೇಕು? ಗಾಣ ನಡೆಸ್ತಾ ನಾನು ಕಲಿತ ಪಿಆರ್, ಸ್ಟೆಪ್ ಬೈ ಸ್ಟೆಪ್

ತುಮಕೂರಲ್ಲಿ ನಮ್ದೊಂದು ಗಾಣದ ಎಣ್ಣೆ ಅಂಗಡಿ. ಎರಡು ಮರದ ಗಾಣ (ಮೋಟಾರಲ್ಲಿ ತಿರುಗೋದು, ಎತ್ತು ಇಲ್ಲ, ಮೊದ್ಲೇ ಹೇಳ್ಬಿಡ್ತೀನಿ), ಕೆಲಸಕ್ಕೆ ಮೂರು ಜನ, ಕೌಂಟರಲ್ಲಿ ನಾನು ಇಲ್ಲಾ ನಮ್ಮ ಅತ್ತಿಗೆ. ಮೊದಲನೇ ವರ್ಷ ಪಾಂಪ್ಲೆಟ್ ಹಂಚಿದ್ವಿ, ಆಟೋಗಳ ಹಿಂದೆ ಬ್ಯಾನರ್ ಕಟ್ಟಿಸಿದ್ವಿ, ಒಂದ್ಸಲ ಧೈರ್ಯ ಮಾಡಿ ಪೇಪರ್‌ಗೆ ಕಾಲು ಪೇಜ್ ಆಡ್ ಕೂಡ ಕೊಟ್ವಿ. ಆಡ್ ಬಂದ ದಿನ ಫೋನ್ ಬಂದಿದ್ದು ನಾಲ್ಕು, ಅದ್ರಲ್ಲಿ ಮೂರು ಬೇರೆ ಪೇಪರ್‌ನೋರದ್ದು, "ನಮ್ಗೂ ಒಂದು ಆಡ್ ಕೊಡಿ ಸಾರ್" ಅಂತ. ಅದಾಗಿ ಕೆಲವು ತಿಂಗಳಿಗೆ ಜಿಲ್ಲಾ ಪುಟದ ಕೆಳಗಡೆ ಮೂಲೇಲಿ ಎರಡು ಕಾಲಂ ಸುದ್ದಿ ಬಂತು, ಒಂದು ಪೈಸೆ ಖರ್ಚಿಲ್ಲ, ಅದನ್ನ ಹರ್ಕೊಂಡು ಜೇಬಲ್ಲಿಟ್ಕೊಂಡು ಜನ ಎರಡು ವಾರ ಅಂಗಡಿ ಹುಡುಕ್ಕೊಂಡು ಬಂದ್ರು.

ಎರಡಕ್ಕೂ ವ್ಯತ್ಯಾಸ ಇಷ್ಟೇ. ಆಡ್‌ನಲ್ಲಿ ಜಾಗ ಕೊಂಡ್ಕೋತೀವಿ, ಕಾಲಂ ಸೆಂಟಿಮೀಟರ್ ಲೆಕ್ಕದಲ್ಲಿ, ನಮಗೆ ಬೇಕಾದ್ದು ಬರೀಬಹುದು, ಓದೋರಿಗೂ ಇದು ದುಡ್ಡು ಕೊಟ್ಟು ಹಾಕ್ಸಿರೋದು ಅಂತ ಗೊತ್ತು. ಪಿಆರ್‌ನಲ್ಲಿ (ಪಬ್ಲಿಕ್ ರಿಲೇಶನ್ಸ್, ಅಂದ್ರೆ ದುಡ್ಡು ಕೊಡದೇ ಸುದ್ದಿಯಾಗೋದು) ಜಾಗ ಪುಕ್ಕಟೆ, ಆದ್ರೆ ಏನು ಬರುತ್ತೆ, ಯಾವತ್ತು ಬರುತ್ತೆ, ಬರುತ್ತೋ ಇಲ್ವೋ ಯಾವುದೂ ನಮ್ಮ ಕೈಲಿಲ್ಲ. ಅದಕ್ಕೇ ಜನ ನಂಬೋದು.

ನಾನೇನು ಪಿಆರ್ ಕಂಪನಿ ನಡೆಸೋನಲ್ಲ. ಆದ್ರೂ ಬೇಕರಿ, ಟೈಲರಿಂಗ್, ನರ್ಸರಿ, ಹೋಳಿಗೆ ಮನೆ ಅಂತ ಇಟ್ಕೊಂಡಿರೋ ಫ್ರೆಂಡ್ಸ್ ಪದೇಪದೇ ಕೇಳ್ತಾರೆ, ಅದಕ್ಕೆ ಒಂದ್ಸಲ ಪೂರ್ತಿ ಬರೆದಿಡ್ತಿದೀನಿ.

1. ಮೊದ್ಲು ಅಂಗಡೀನ ಸರಿ ಮಾಡ್ಕೊಳ್ಳಿ

ಸುದ್ದಿ ಓದಿದೋರು ಮೊದಲು ಮಾಡೋ ಕೆಲಸ ಗೂಗಲಲ್ಲಿ ಹುಡುಕೋದು. ಅಲ್ಲಿ ನೀವು ಸಿಗಲಿಲ್ಲ ಅಂದ್ರೆ ಸುದ್ದಿ ಬಂದೂ ವೇಸ್ಟು. ಗೂಗಲ್ ಬಿಸಿನೆಸ್ ಪ್ರೊಫೈಲ್ ಫ್ರೀ, ಮೊದ್ಲು ಗೂಗಲ್ ಮೈ ಬಿಸಿನೆಸ್ ಅಂತಿತ್ತಲ್ಲ ಅದೇ, 2021ರಲ್ಲಿ ಹೆಸರು ಬದಲಾಯ್ತು. ಅಂಗಡಿ ಹೆಸರು ಬೋರ್ಡಲ್ಲಿ ಹೆಂಗಿದೆಯೋ ಹಂಗೇ ಹಾಕಿ, ಮ್ಯಾಪ್ ಪಿನ್ ನಿಮ್ಮ ಬಾಗಿಲ ಮೇಲೇ ಇದೆಯಾ ಅಂತ ನೀವೇ ಒಂದ್ಸಲ ಗಾಡಿ ಓಡಿಸಿ ನೋಡಿ. ನಮ್ದು ಹಿಂದಿನ ರಸ್ತೇಲಿದ್ದ ಕಲ್ಯಾಣ ಮಂಟಪದ ಒಳಗೆ ತೋರಿಸ್ತಿತ್ತು, ಎಣ್ಣೆಗೆ ಬಂದೋರು ಒಂದ್ಸಲ ಯಾರದೋ ರಿಸೆಪ್ಶನ್‌ಗೆ ಹೋಗಿ ನಿಂತಿದ್ರು. ವೆರಿಫಿಕೇಶನ್‌ಗೆ ಈಗ ಸಾಮಾನ್ಯವಾಗಿ ವಿಡಿಯೋ ಕೇಳ್ತಾರೆ, ಬೋರ್ಡು, ಬಾಗಿಲು, ಒಳಗಿನ ಮಿಷಿನ್ನು ಎಲ್ಲ ಒಂದೇ ಓಟದಲ್ಲಿ ತೋರಿಸ್ಬಿಡಿ.

ತಿನ್ನೋ ಸಾಮಾನು ಮಾರೋರಾದ್ರೆ ಎಫ್‌ಎಸ್‌ಎಸ್‌ಎಐನ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರದ) 14 ಅಂಕಿ ನಂಬರ್ ಲೇಬಲ್ ಮೇಲೆ ಇರಲೇಬೇಕು. ವರದಿಗಾರರು ಬಂದಾಗ "ಅಪ್ಲೈ ಮಾಡಿದೀವಿ ಸಾರ್, ಬರ್ತಾ ಇದೆ" ಅನ್ನೋ ಮಾತು ಅಲ್ಲಿಗೇ ಮುಗಿಸ್ಬಿಡುತ್ತೆ.

2. ಸುದ್ದಿ ಯಾವುದು ಅಂತ ಹುಡುಕೋದು (ಎಲ್ಲಾರೂ ಎಡವೋದು ಇಲ್ಲೇ)

ನನ್ನ ಮೊದಲ ಪ್ರೆಸ್ ನೋಟ್ (ಪೇಪರ್‌ಗಳಿಗೆ ನಾವೇ ಬರೆದು ಕಳಿಸೋ ಸುದ್ದಿ) ಹೆಡಿಂಗು "ತುಮಕೂರಿನಲ್ಲಿ ಶುದ್ಧ, ರಾಸಾಯನಿಕಮುಕ್ತ ಗಾಣದ ಎಣ್ಣೆ ಈಗ ಲಭ್ಯ". ಹದಿನಾಲ್ಕು ಜನಕ್ಕೆ ಕಳಿಸಿದೆ, ಒಬ್ಬರೂ ಹಾಕ್ಲಿಲ್ಲ. ಬೇಜಾರಾಗಿ ಪರಿಚಯದ ವರದಿಗಾರರೊಬ್ಬರನ್ನ ಟೀ ಅಂಗಡೀಲಿ ಹಿಡಿದು ಕೇಳಿದ್ರೆ ಅವರು ಪೆನ್ ತಗೊಂಡು ನನ್ನ ನೋಟಲ್ಲಿ ಅಂಗಡಿ ಹೆಸರಿದ್ದ ಕಡೆಯೆಲ್ಲ ಗೀಟು ಎಳೆದ್ರು. "ಈಗ ಓದಿ, ಏನಾದ್ರೂ ಉಳೀತಾ?" ಅಂದ್ರು. ಏನೂ ಉಳಿದಿರಲಿಲ್ಲ.

ಅವತ್ತಿಂದ ನನ್ನ ಟೆಸ್ಟ್ ಅದೊಂದೇ. ಅಂಗಡಿ ಹೆಸರು ಹೊಡೆದು ಹಾಕಿದ ಮೇಲೂ ಓದೋರಿಗೆ ಉಪಯೋಗ ಇರೋದೇನಾದ್ರೂ ಉಳಿದ್ರೆ ಅದು ಸುದ್ದಿ, ಇಲ್ಲಾಂದ್ರೆ ಆಡ್, ಆಡ್‌ಗೆ ದುಡ್ಡು ಕೊಡಿ.

ಹಂಗಾದ್ರೆ ಎಲ್ಲಿ ಹುಡುಕೋದು? ಗಿರಾಕಿಗಳು ದಿನಾ ಕೇಳೋ ಪ್ರಶ್ನೇಲಿ ಹುಡುಕಿ. ನಮ್ಮಲ್ಲಿ ಎಲ್ಲಾರೂ ಕೇಳೋದು "ಯಾಕ್ರೀ ಇಷ್ಟು ರೇಟು, ಅಂಗಡಿ ಪ್ಯಾಕೆಟ್ ಎಣ್ಣೆ ಇದರರ್ಧಕ್ಕೆ ಸಿಗುತ್ತಲ್ಲ?". ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಒಂದು ಲೀಟರ್ ಕಡಲೆಕಾಯಿ ಎಣ್ಣೆಗೆ ಹೆಚ್ಚುಕಮ್ಮಿ ಎರಡೂವರೆ ಕೆಜಿ ಬೀಜ ಬೇಕು. ಅವತ್ತಿನ ಬೀಜದ ರೇಟಿಗೆ ಗುಣಿಸಿ, ಹಿಂಡಿ (ಎಣ್ಣೆ ತೆಗೆದ ಮೇಲೆ ಉಳಿಯೋ ಚರಟ) ಮಾರಿ ಬರೋದನ್ನ ಕಳೆದು, ಕರೆಂಟು ಕೂಲಿ ಸೇರಿಸಿದ್ರೆ ಎಣ್ಣೆ ರೇಟು ತಾನಾಗೇ ಬರುತ್ತೆ. ನಾವು ಒಂದು ಕಪ್ಪು ಹಲಗೆ ತಂದು ಗಾಣದ ಪಕ್ಕ ಹಾಕಿ ಈ ಲೆಕ್ಕ ದಿನಾ ಬರೆಯೋಕೆ ಶುರು ಮಾಡಿದ್ವಿ, ಆಮೇಲೆ "ನಿಮ್ಮ ಬೀಜ ನೀವೇ ತನ್ನಿ, ಕಣ್ಣೆದುರೇ ಅರೆದು, ಎಣ್ಣೆ ಹಿಂಡಿ ಎರಡೂ ತೂಕ ಹಾಕಿ ಕೊಡ್ತೀವಿ" ಅಂದ್ವಿ. ಪಾವಗಡ, ಮಧುಗಿರಿ ಕಡೆಯಿಂದ ಸ್ವಂತ ಬೆಳೆ ಇರೋರು ಚೀಲ ಹೊತ್ಕೊಂಡು ಬಂದ್ರು. ಇದು ಸುದ್ದಿ. ಶುದ್ಧ ಅನ್ನೋ ಪದ ಒಂದ್ಸಲಾನೂ ಬಳಸದೇ ಶುದ್ಧ ಅಂತ ತೋರಿಸಿದ ಹಾಗಾಯ್ತು.

ಇದೇನು ನನ್ನ ಹೊಸ ಐಡಿಯಾ ಅಲ್ಲ ಬಿಡಿ. 1924ರಲ್ಲಿ ಶುರುವಾದ ಬೆಂಗಳೂರಿನ ಎಂಟಿಆರ್ ಹೋಟೆಲ್ ನೋಡಿ, ಗಿರಾಕಿಗಳನ್ನ ಅಡುಗೆಮನೆ ಮೂಲಕ ಒಳಗೆ ಬಿಟ್ಕೊಳ್ತಿದ್ರು, ನಮ್ಮ ಕಿಚನ್ ಕ್ಲೀನ್ ಅಂತ ಬೋರ್ಡ್ ಬರೆಯೋ ಅವಶ್ಯಕತೇನೇ ಬರಲಿಲ್ಲ. ಎಮರ್ಜೆನ್ಸಿ ಟೈಮಲ್ಲಿ ಸರ್ಕಾರ ಹೋಟೆಲ್ ತಿಂಡಿ ರೇಟು ಇಳಿಸಿದಾಗ ಕ್ವಾಲಿಟಿ ಇಳಿಸದೇ, ದಿನಕ್ಕೆ ಎಷ್ಟು ನಷ್ಟ ಆಯ್ತು ಅಂತ ಹೊರಗಡೆ ಬರೆದು ಹಾಕ್ತಿದ್ರು. ಪಿಆರ್ ಏಜೆನ್ಸಿ ಲಕ್ಷ ತಗೊಂಡ್ರೂ ಇಂಥದ್ದು ಹೊಳೆಯಲ್ಲ.

ಇನ್ನೊಂದು ದಾರಿ ಕ್ಯಾಲೆಂಡರ್. ಪೇಪರ್‌ನೋರಿಗೆ ಹಬ್ಬಹಬ್ಬಕ್ಕೂ ಏನಾದ್ರೂ ಬರೀಲೇಬೇಕು. ನಮ್ಮ ಕೆಲಸಕ್ಕೆ ನರಕ ಚತುರ್ದಶಿ ಮತ್ತೆ ಯುಗಾದಿಗೆ ಎಣ್ಣೆ ಸ್ನಾನ, ಸಂಕ್ರಾಂತಿಗೆ ಎಳ್ಳು, ಕಾರ್ತಿಕ ಮಾಸದ ಕೊನೆ ಸೋಮವಾರ ಬಸವನಗುಡಿ ಕಡಲೆಕಾಯಿ ಪರಿಷೆ. ನಿಮ್ದು ಟೈಲರ್ ಅಂಗಡಿ ಆದ್ರೆ ಸ್ಕೂಲ್ ಶುರುವಾಗೋ ಟೈಮು, ನರ್ಸರಿ ಆದ್ರೆ ಮುಂಗಾರು. ಪುರವಣಿಗಳು ವಾರಕ್ಕೆ ಮುಂಚೇನೇ ರೆಡಿ ಆಗಿರ್ತವೆ, ಹಬ್ಬದ ಹಿಂದಿನ ದಿನ ಫೋನ್ ಮಾಡಿದ್ರೆ ಪ್ರಯೋಜನ ಇಲ್ಲ, ಎರಡು ಮೂರು ವಾರ ಮುಂಚೆ ಹೇಳಿ.

3. ಯಾರಿಗೆ ಕಳಿಸೋದು

ರಾಜ್ಯ ಮಟ್ಟದ ಸಂಪಾದಕರಿಗೆ ಮೇಲ್ ಹಾಕಿ ಕಾಯ್ಬೇಡಿ. ನಿಮಗೆ ಬೇಕಿರೋದು ನಿಮ್ಮ ಜಿಲ್ಲಾ ವರದಿಗಾರರು, ತಾಲ್ಲೂಕಿನ ಬಿಡಿ ಸುದ್ದಿಗಾರರು. ಪ್ರಜಾವಾಣಿ, ವಿಜಯ ಕರ್ನಾಟಕ, ವಿಜಯವಾಣಿ, ಕನ್ನಡಪ್ರಭ, ಉದಯವಾಣಿ ಇವಕ್ಕೆಲ್ಲ ಜಿಲ್ಲೆ ಕಡೆ ಸುದ್ದಿಗೇ ಪುಟ ಇದೆ. ಅದಕ್ಕಿಂತ ಹೆಚ್ಚಾಗಿ ಊರಿನ ಸ್ವಂತ ಪೇಪರ್ ಮರೀಬೇಡಿ: ತುಮಕೂರಿಗೆ ಪ್ರಜಾಪ್ರಗತಿ, ದಾವಣಗೆರೆಗೆ ಜನತಾವಾಣಿ, ಮೈಸೂರಿಗೆ ಆಂದೋಲನ, ಮೈಸೂರು ಮಿತ್ರ. ಸರ್ಕ್ಯುಲೇಶನ್ ಚಿಕ್ಕದು ಅಂತ ಮೂಗು ಮುರೀಬೇಡಿ, ನಿಮ್ಮ ಗಿರಾಕಿ ಇರೋದು ಆ ಏರಿಯಾದಲ್ಲೇ. ಕೃಷಿಗೆ ಸಂಬಂಧ ಇರೋ ಬಿಸಿನೆಸ್ ಆದ್ರೆ ಪುತ್ತೂರಿನ ಅಡಿಕೆ ಪತ್ರಿಕೆ ತರದ್ದೂ ಇದಾವೆ, ಅಲ್ಲಿ ಬಂದ್ರೆ ದೂರದೂರದ ರೈತರು ಫೋನ್ ಮಾಡ್ತಾರೆ.

ಒಂದು ತಿಂಗಳು ಪೇಪರ್ ಓದಿ, ನಿಮ್ಮ ತರದ ಸುದ್ದಿ ಯಾರ ಹೆಸರಲ್ಲಿ ಬರ್ತಿದೆ ಅಂತ ಗುರುತು ಹಾಕ್ಕೊಳ್ಳಿ. ಕ್ರೈಂ ಬರೆಯೋರಿಗೆ ಎಣ್ಣೆ ಕಥೆ ಹೇಳಿ ಏನ್ ಮಾಡ್ತೀರ. ಹತ್ತು ಹೆಸರು ಸಾಕು. ಫೋನ್ ಮಾಡೋದು ಬೆಳಗ್ಗೆ ಹನ್ನೊಂದರಿಂದ ಮಧ್ಯಾಹ್ನದೊಳಗೆ, ಸಂಜೆ ಐದಾದ ಮೇಲೆ ಪೇಜ್ ಕಟ್ಟೋ ಗಡಿಬಿಡಿ, ಆಗ ಮಾಡಿದ್ರೆ ಬೈಸ್ಕೋತೀರ.

4. ಪ್ರೆಸ್ ನೋಟ್ ಬರೆಯೋದು

ಒಂದೇ ಪುಟ. ಮೊದಲನೇ ಪ್ಯಾರಾದಲ್ಲೇ ಯಾರು, ಏನು, ಎಲ್ಲಿ, ಯಾವಾಗ ಮುಗೀಬೇಕು, ಯಾಕಂದ್ರೆ ಜಾಗ ಕಮ್ಮಿ ಆದಾಗ ಕೆಳಗಿಂದ ಕತ್ತರಿಸ್ತಾರೆ. ನಮ್ದು ಕೊನೆಗೆ ಹಿಂಗಿತ್ತು:

"ಬೀಜ ರೈತರದ್ದು, ಎಣ್ಣೆಯೂ ರೈತರದ್ದು
ತುಮಕೂರು: ತಾವೇ ಬೆಳೆದ ಕಡಲೆಕಾಯಿ ಬೀಜವನ್ನು ತಂದು, ಕಣ್ಣೆದುರೇ ಎಣ್ಣೆ ತೆಗೆಸಿಕೊಂಡು ಹೋಗುವ ವ್ಯವಸ್ಥೆ ನಗರದ (ರಸ್ತೆ ಹೆಸರು) ಗಾಣವೊಂದರಲ್ಲಿ ಶುರುವಾಗಿದೆ. 10 ಕೆಜಿ ಬೀಜಕ್ಕೆ ಸುಮಾರು 4 ಲೀಟರ್ ಎಣ್ಣೆ, 6 ಕೆಜಿಯಷ್ಟು ಹಿಂಡಿ ಸಿಗುತ್ತಿದ್ದು, ಎರಡನ್ನೂ ತೂಗಿ ವಾಪಸ್ ಕೊಡಲಾಗುತ್ತದೆ. ಹಿಂಡಿಯನ್ನು ರೈತರು ಹಸುಗಳಿಗೆ ಒಯ್ಯುತ್ತಿದ್ದಾರೆ. ದಿನದ ಲೆಕ್ಕವನ್ನು ಗಾಣದ ಬಳಿಯ ಹಲಗೆಯಲ್ಲಿ ಬರೆಯಲಾಗುತ್ತಿದೆ."

ಕೆಳಗೆ ಅರೆಯೋ ಕೂಲಿ ಎಷ್ಟು, ಯಾವ ದಿನ ರಜ, ಒಬ್ಬ ರೈತರ ಎರಡು ಸಾಲು ಮಾತು (ಅವರನ್ನ ಕೇಳಿ, ಒಪ್ಪಿಸಿ ಹಾಕಿದ್ದು, ನಾನೇ ಕಟ್ಟಿದ್ದಲ್ಲ), ನನ್ನ ಹೆಸರು, ಫೋನ್ ನಂಬರ್. ಅಂಗಡಿ ಹೆಸರು ಒಂದೇ ಸಲ, ಅದೂ ಕೆಳಗೆ. ಹತ್ತು ಸಲ ಹಾಕಿದ್ರೆ ಒಂಬತ್ತು ಸಲ ಹೊಡೆದು ಹಾಕೋ ಕೆಲಸ ಅವರಿಗೆ, ಆ ಕಷ್ಟ ಯಾಕೆ ಕೊಡ್ಬೇಕು.

ಈಗ ಯಾರೂ ಹೇಳಿಕೊಡದ ಒಂದು ವಿಷ್ಯ: ಫಾಂಟು. ಡಿಟಿಪಿ ಅಂಗಡೀಲಿ 'ನುಡಿ' ಸಾಫ್ಟ್‌ವೇರಿನ ಹಳೇ ಫಾಂಟಲ್ಲಿ ಟೈಪ್ ಮಾಡ್ಸಿ ಪಿಡಿಎಫ್ ಕಳಿಸಿದ್ರೆ, ಅವರು ಕಾಪಿ ಮಾಡಿ ಪೇಸ್ಟ್ ಮಾಡಿದಾಗ ಅಕ್ಷರ ಎಲ್ಲ ಚಿತ್ರಾನ್ನ ಆಗಿರುತ್ತೆ. ಯಾರೂ ಕೂತು ಮತ್ತೆ ಟೈಪ್ ಮಾಡಲ್ಲ. ಯೂನಿಕೋಡಲ್ಲಿ, ಅಂದ್ರೆ ಮೊಬೈಲಲ್ಲಿ ಟೈಪ್ ಮಾಡೋ ಕನ್ನಡದಲ್ಲೇ, ಮೇಲ್ ಒಳಗಡೆಯೇ ಬರೀರಿ. ಲೆಟರ್‌ಹೆಡ್ ಮೇಲೆ ಪ್ರಿಂಟ್ ತೆಗೆದು ಸೀಲ್ ಹೊಡೆದು ಫೋಟೋ ಕಳಿಸೋರೂ ಇದಾರೆ, ದಯವಿಟ್ಟು ಬೇಡ.

ಫೋಟೋ ಅಡ್ಡಡ್ಡ ತೆಗೀರಿ, ವಾಟ್ಸಾಪಲ್ಲಿ ಕಳಿಸೋದಾದ್ರೆ ಡಾಕ್ಯುಮೆಂಟ್ ಅಂತ ಕಳಿಸಿ, ಇಲ್ಲಾಂದ್ರೆ ಒತ್ತಿ ಸಣ್ಣದು ಮಾಡ್ಬಿಡುತ್ತೆ. ಅಂಗಡಿ ಮುಂದೆ ಎಲ್ಲಾರೂ ಕೈಕಟ್ಟಿ ನಿಂತಿರೋ ಫೋಟೋ ಬೇಡ, ಕೆಲಸ ನಡೀತಿರೋದು ಇರ್ಲಿ. ಫೋಟೋದಲ್ಲಿರೋರ ಹೆಸರು ಎಡದಿಂದ ಬಲಕ್ಕೆ ಬರೆದು ಕೊಡಿ.

5. ಕಳಿಸಿದ ಮೇಲೆ

ಒಂದು ಫೋನ್, ಬೇಕಾದ್ರೆ ಮೂರು ದಿನ ಬಿಟ್ಟು ಇನ್ನೊಂದು, ಅಷ್ಟೇ. "ಯಾಕೆ ಸಾರ್ ಹಾಕಿಲ್ಲ" ಅಂತ ಜಗಳಕ್ಕೆ ಹೋಗ್ಬೇಡಿ, ಅವತ್ತು ಯಾರೋ ಮಂತ್ರಿ ಬಂದಿರ್ತಾರೆ, ನಿಮ್ಮ ಸುದ್ದಿ ಪಕ್ಕಕ್ಕೆ ಹೋಗಿರುತ್ತೆ. ಪತ್ರಿಕಾಗೋಷ್ಠಿ ಸಣ್ಣ ಅಂಗಡಿಗಳಿಗೆ ಬೇಕಾಗಿಲ್ಲ, ಹಾಲ್ ಬಾಡಿಗೆ, ಟೀ, ತಿಂಡಿ ಅಂತ ದುಡ್ಡು ಹೋಗುತ್ತೆ, ಬಂದೋರು ಕೇಳೋಕೂ ಏನೂ ಇರಲ್ಲ.

ದುಡ್ಡಿನ ಕವರ್ ಕೊಡೋದು, ಗಿಫ್ಟ್ ಕೊಡೋದು ಬೇಡವೇ ಬೇಡ. ನೆಟ್ಟಗೆ ಕೆಲಸ ಮಾಡೋ ವರದಿಗಾರರಿಗೆ ಅದು ಅವಮಾನ, ಕೇಳಿ ತಗೊಳ್ಳೋರಿಗೆ ಅದು ಚಟ. ನನ್ಹತ್ರಾನೂ ಒಬ್ಬ ಬಂದಿದ್ದ, ಪೇಪರ್ ಹೆಸರು ಬೇಡ ಬಿಡಿ, ಸ್ಪೆಷಲ್ ಸಂಚಿಕೇಲಿ ನಿಮ್ಮ "ಸಾಧನೆ" ಬಗ್ಗೆ ಇಡೀ ಪುಟ ಬರೀತೀವಿ, ಬ್ಲಾಕ್‌ನ (ಫೋಟೋ ಅಚ್ಚಿನ) ಖರ್ಚು ಮಾತ್ರ ಕೊಡಿ ಅಂದ. ಕೊಟ್ಟೆ ಸ್ವಾಮಿ. ಆ ಸಂಚಿಕೆ ಪ್ರಿಂಟ್ ಆಗಿದ್ದು ನೋಡಿದ್ರೆ ಸಾಧಕರು ಬಿಟ್ಟು ಬೇರೆ ಯಾರೂ ಓದಿರಲಿಕ್ಕಿಲ್ಲ. ಈಗ ಯಾರಾದ್ರೂ "ಸಾಧಕರು" ಅಂದ್ರೆ ಸಾಕು ನಮ್ಮ ಅತ್ತಿಗೆ ಗಲ್ಲಾಪೆಟ್ಟಿಗೆ ಬೀಗ ಹಾಕ್ತಾರೆ.

6. ವರದಿಗಾರರು ಬಂದ ದಿನ

ನೋಟ್ ಕಳಿಸಿ ಒಂದು ವಾರಕ್ಕೆ ಒಬ್ಬರು ಬಂದ್ರು. ನಾನು ಇಸ್ತ್ರಿ ಶರ್ಟ್ ಹಾಕ್ಕೊಂಡು, ಬಾಟ್ಲುಗಳನ್ನ ಸಾಲಾಗಿ ಜೋಡಿಸಿಟ್ಟು, ಕೋಲ್ಡ್ ಪ್ರೆಸ್ಡ್ ಅಂದ್ರೇನು ಅಂತ ಭಾಷಣ ಬೇರೆ ರೆಡಿ ಮಾಡ್ಕೊಂಡಿದ್ದೆ. ಅವರು ಬಾಟ್ಲು ಕಡೆ ನೋಡಲೇ ಇಲ್ಲ. ಸೀದಾ ಗಾಣದ ಹತ್ರ ಹೋಗಿ ಬಿಸಿಬಿಸಿ ಹಿಂಡಿ ಒಂದು ತುಂಡು ಕೈಲಿ ಮುರಿದು ಮೂಸಿ ನೋಡಿ,

"ಇದನ್ನ ಏನ್ ಮಾಡ್ತಾರೆ?"

"ಹಸುಗೆ ಹಾಕ್ತಾರೆ ಸಾರ್. ಬೂಸಾ ಜೊತೆ ನೆನೆಸಿ."

"ಅಂಗಡಿ ಹಿಂಡಿಗೂ ಇದಕ್ಕೂ ಏನ್ ವ್ಯತ್ಯಾಸ?"

ನಾನು ತಡವರಿಸ್ತಿದ್ದೆ, ಅಷ್ಟೊತ್ತಿಗೆ ಚೀಲ ಹಿಡ್ಕೊಂಡು ಕೂತಿದ್ದ ಅಜ್ಜಿಯೊಬ್ಬರು, "ಮರದ ಗಾಣದ್ದರಲ್ಲಿ ಜಿಡ್ಡು ಉಳ್ದಿರ್ತದೆ ಕಣಪ್ಪ, ನಮ್ಮ ಹಸ ಇದನ್ನೇ ಮೊದ್ಲು ತಿನ್ನೋದು, ಬೇರೆ ಇಟ್ರೆ ಮೂತಿ ತಿರುಗಿಸ್ತದೆ" ಅಂದ್ರು. ಸುದ್ದಿ ಆಗಿದ್ದು ಆ ಮಾತು. ಹೆಡಿಂಗ್ ಎಣ್ಣೆ ಬಗ್ಗೆ ಅಲ್ಲ, ಹಿಂಡಿ ಬಗ್ಗೆ. ಮನೇಲಿ ಹಸು ಇಲ್ಲದಿದ್ರೂ ಹಳ್ಳೀಲಿ ಹಸು ಇರೋ ಜನ ತಾನೇ ನಮ್ಮ ಕಡೆ, ಎಲ್ಲಾರೂ ಓದಿದ್ರು.

ಅದಕ್ಕೆ ನನ್ನ ಸಲಹೆ, ಅವತ್ತು ನಿಮ್ಮ ಒಬ್ಬಿಬ್ಬರು ಗಿರಾಕಿಗಳು ಅಂಗಡೀಲಿ ಇರೋ ಟೈಮಿಗೇ ಕರೀರಿ, ಹೇಳಿಕೊಡೋಕೆ ಹೋಗ್ಬೇಡಿ. ಗೊತ್ತಿಲ್ಲದ್ದಕ್ಕೆ "ಗೊತ್ತಿಲ್ಲ, ಕೇಳಿ ಹೇಳ್ತೀನಿ" ಅನ್ನಿ, ಸಂಜೆಯೊಳಗೆ ಹೇಳಿ. ಬರೆದಿದ್ದನ್ನ ಪ್ರಿಂಟ್ ಆಗೋ ಮುಂಚೆ ತೋರಿಸಿ ಅಂತ ಕೇಳ್ಬೇಡಿ, ತೋರಿಸಲ್ಲ. ಅಂಕಿಗಳನ್ನ ಮಾತ್ರ ಒಂದು ಚೀಟೀಲಿ ಬರೆದು ಕೈಗೆ ಕೊಡಿ.

7. ಬಾಯಿ ಹಿಡಿತ

ಇದು ತಿನ್ನೋ ಸಾಮಾನು, ಸೋಪು, ಕಷಾಯ ಮಾರೋರಿಗೆ ಮುಖ್ಯವಾಗಿ. "ನಮ್ಮ ಎಣ್ಣೆ ತಿಂದ್ರೆ ಶುಗರ್ ಕಮ್ಮಿ ಆಗುತ್ತೆ, ಹಾರ್ಟ್ ಬ್ಲಾಕ್ ಹೋಗುತ್ತೆ" ಅನ್ನೋದು ನಾಲಿಗೆ ತುದೀಲೇ ಇರುತ್ತೆ, ಗಿರಾಕಿಗಳೂ ಅದನ್ನೇ ಕೇಳೋಕೆ ಇಷ್ಟಪಡ್ತಾರೆ. ಹೇಳ್ಬೇಡಿ. ಆಹಾರದ ಆಡ್ ಮತ್ತೆ ಕ್ಲೇಮುಗಳ ಬಗ್ಗೆ ಎಫ್‌ಎಸ್‌ಎಸ್‌ಎಐದು 2018ರ ನಿಯಮ ಇದೆ, ದಾರಿ ತಪ್ಪಿಸೋ ಜಾಹೀರಾತಿಗೆ 2006ರ ಆಹಾರ ಸುರಕ್ಷತಾ ಕಾಯ್ದೆಯ 53ನೇ ಸೆಕ್ಷನ್ ಪ್ರಕಾರ 10 ಲಕ್ಷದವರೆಗೂ ದಂಡ. ಪೇಪರ್‌ನೋರು ತಾವಾಗೇ ಏನಾದ್ರೂ ಹಂಗೆ ಬರೆದ್ರೆ ಆ ಕಟಿಂಗ್‌ನ ಅಂಗಡೀಲಿ ತೂಗುಹಾಕಿ ನಿಮ್ಮ ಪ್ರಚಾರ ಮಾಡ್ಕೋಬೇಡಿ, ಫೋನ್ ಮಾಡಿ ಮೆತ್ತಗೆ ತಿದ್ದುಪಡಿ ಕೇಳಿ. ನಮಗೆ ಒಂದ್ಸಲ ಹಂಗಾಯ್ತು, ವೆಬ್‌ಸೈಟಲ್ಲಿ ಅವತ್ತೇ ತೆಗೆದ್ರು.

8. ಪೇಪರ್ ಬಿಟ್ಟು

ರೇಡಿಯೋನ ಜನ ಮರೆತೇ ಬಿಟ್ಟಿದಾರೆ. ಆಕಾಶವಾಣಿಯ ಕೃಷಿ ಕಾರ್ಯಕ್ರಮಗಳಿಗೆ, ಊರಿನ ಸಮುದಾಯ ರೇಡಿಯೋಗಳಿಗೆ (ನಮ್ಮೂರಲ್ಲಿ ರೇಡಿಯೋ ಸಿದ್ಧಾರ್ಥ, ಮಂಗಳೂರಲ್ಲಿ ಸಾರಂಗ್, ಮಣಿಪಾಲದಲ್ಲಿ ರೇಡಿಯೋ ಮಣಿಪಾಲ್) ಮಾತಾಡೋ ಜನ ಬೇಕಿರ್ತಾರೆ. ಹೋಗಿ ಹದಿನೈದು ನಿಮಿಷ ನಿಮ್ಮ ಕಸುಬಿನ ಬಗ್ಗೆ ಮಾತಾಡಿ ಬನ್ನಿ.

ಜಾತ್ರೆ, ಮೇಳ ಇನ್ನೂ ಒಳ್ಳೇದು. ಸಿದ್ಧಗಂಗಾ ಮಠದ ಜಾತ್ರೆ ಶಿವರಾತ್ರಿ ಹೊತ್ತಿಗೆ ಆಗುತ್ತೆ, ದನಗಳ ಜಾತ್ರೆ, ಜೊತೆಗೆ ಕೃಷಿ ಮತ್ತೆ ಕೈಗಾರಿಕಾ ವಸ್ತುಪ್ರದರ್ಶನ. ಅಲ್ಲಿ ಸ್ಟಾಲ್ ಹಾಕಿದಾಗ ಬಾಟ್ಲು ಮಾರೋದಕ್ಕಿಂತ ಸಣ್ಣ ಗಾಣ ತಿರುಗಿಸಿ ತೋರಿಸಿದ್ದು ಕೆಲಸ ಮಾಡ್ತು, ಕ್ಯಾಮೆರಾ ಹಿಡ್ಕೊಂಡು ಬರೋರಿಗೆ ತಿರುಗೋದೇನಾದ್ರೂ ಬೇಕು. ಬೆಂಗಳೂರು ಜಿಕೆವಿಕೆ (ಕೃಷಿ ವಿಶ್ವವಿದ್ಯಾಲಯದ ಆವರಣ), ಧಾರವಾಡದ ಕೃಷಿ ಮೇಳಗಳಲ್ಲೂ ಇದೇ ಕಥೆ.

ಇನ್‌ಸ್ಟಾ, ಯೂಟ್ಯೂಬ್ ಹುಡುಗರ ಬಗ್ಗೆ ಒಂದೇ ಮಾತು. ಲಕ್ಷ ಫಾಲೋವರ್ಸ್ ಇರೋರಿಗಿಂತ ನಿಮ್ಮ ಊರಿನ ಫುಡ್ ಪೇಜ್ ವಾಸಿ. ದುಡ್ಡೇ ಕೊಡಿ, ಫ್ರೀ ಎಣ್ಣೆ ಕ್ಯಾನೇ ಕೊಡಿ, ಅದನ್ನ ಅವರು ವಿಡಿಯೋದಲ್ಲಿ ಎದ್ದು ಕಾಣೋ ಹಾಗೆ ಹೇಳಲೇಬೇಕು, ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರೀಲಿ ಇದಕ್ಕೆ ಮಾರ್ಗಸೂಚಿ ತಂದಿದೆ. "ಹೇಳ್ಬೇಡಿ ಬ್ರೋ, ನ್ಯಾಚುರಲ್ ಆಗಿರ್ಲಿ" ಅನ್ನೋರ ಜೊತೆ ವ್ಯವಹಾರ ಇಟ್ಕೋಬೇಡಿ.

9. ಸುದ್ದಿ ಬಂದ ದಿನಕ್ಕೆ ರೆಡಿ ಇರಿ

ನಾವು ಇರಲಿಲ್ಲ. ಸುದ್ದಿ ಬಂದಿದ್ದು ಭಾನುವಾರ, ಅಂಗಡಿ ರಜ, ಫೋನ್ ಮನೇಲಿ ಚಾರ್ಜಿಗಿಟ್ಟು ನಾನು ನಾಮಕರಣಕ್ಕೆ ಗುಬ್ಬಿಗೆ ಹೋಗಿದ್ದೆ. ಸಂಜೆ ಬಂದು ನೋಡಿದ್ರೆ 46 ಮಿಸ್ಡ್ ಕಾಲ್. ಮಾರನೇ ದಿನ ಬಂದ ಜನಕ್ಕೆ ಅರೆಯೋಕೆ ಗಾಣ ಸಾಲಲಿಲ್ಲ, ಕೊರಟಗೆರೆಯಿಂದ ಬಸ್ಸಲ್ಲಿ ಚೀಲ ತಂದ ಒಬ್ಬರು ಸಂಜೆವರೆಗೂ ಕಾದು ಬೈದು ಹೋದ್ರು, ಹೋಗ್ತಾ ಗೂಗಲಲ್ಲಿ ಒಂದು ಸ್ಟಾರ್ ಕೊಟ್ರು. ನ್ಯಾಯವೇ.

ಈಗ ನಾವು ಮಾಡೋದು: ಫೋನ್ ಎತ್ತೋಕೆ ಒಬ್ಬರು, ಸರದಿ ನಂಬರ್ ಕೊಡೋ ಚೀಟಿ, ವಾಟ್ಸಾಪ್ ಬಿಸಿನೆಸಲ್ಲಿ ವಿಳಾಸ, ಟೈಮಿಂಗ್, ಲೊಕೇಶನ್ ಇರೋ ರೆಡಿ ಉತ್ತರ. ಆ ಒಂದು ಸ್ಟಾರ್‌ಗೂ ಉತ್ತರ ಬರೆದ್ವಿ: ಕಾಯಿಸಿದ್ದು ನಮ್ಮದೇ ತಪ್ಪು, ಈಗ ಫೋನ್ ಮಾಡಿ ಸರದಿ ತಗೊಂಡು ಬರಬಹುದು, ಬಸ್ ಚಾರ್ಜ್ ನಾವು ಕೊಡ್ತೀವಿ ಅಂತ. ಅವರು ಸ್ಟಾರ್ ಬದಲಾಯಿಸಲಿಲ್ಲ, ಆದ್ರೆ ಮುಂದಿನ ತಿಂಗಳು ಚೀಲ ಹಿಡ್ಕೊಂಡು ಬಂದ್ರು. ಇನ್ನೊಬ್ಬರು ಎಣ್ಣೆ ಕಮಟು ವಾಸನೆ ಅಂತ ಬರೆದಿದ್ರು, ಅದಕ್ಕೆ ವಾದ ಮಾಡ್ದೇ ಬಾಟ್ಲು ವಾಪಸ್ ತಗೊಂಡು ನೋಡಿದ್ರೆ ಬಿಸಿಲು ಬೀಳೋ ಕಿಟಕಿ ಹತ್ರ ಇಟ್ಟಿದ್ರಂತೆ. ಆ ವಿಷ್ಯವೇ, ಅವರ ಹೆಸರು ಬಿಟ್ಟು, ಎಣ್ಣೆ ಎಲ್ಲಿಡಬೇಕು ಅನ್ನೋ ಮುಂದಿನ ಪ್ರೆಸ್ ನೋಟ್ ಆಯ್ತು!

ಇಡೀ ಇ-ಪೇಪರ್ ಪಿಡಿಎಫ್ ಗ್ರೂಪ್‌ಗಳಿಗೆ ತಳ್ಳೋದು ಬೇಡ, ಸುದ್ದಿಯ ಲಿಂಕ್ ಹಾಕಿ, ಬರೆದೋರಿಗೆ ಫೋನ್ ಮಾಡಿ ಥ್ಯಾಂಕ್ಸ್ ಹೇಳಿ.

10. ಲೆಕ್ಕ ಇಡಿ

ದೊಡ್ಡ ಸಾಫ್ಟ್‌ವೇರ್ ಏನೂ ಬೇಡ. ಕೌಂಟರಲ್ಲಿ ಒಂದು ನೋಟ್‌ಬುಕ್ ಇಟ್ಟು ಹೊಸಬರು ಬಂದಾಗಲೆಲ್ಲ "ಹೆಂಗೆ ಗೊತ್ತಾಯ್ತು ನಮ್ಮ ಅಂಗಡಿ?" ಅಂತ ಕೇಳಿ ಗೀಟು ಹಾಕೋದು. ಅತ್ತಿಗೆ ಈಗಲೂ ಬಿಡದೇ ಬರೀತಾರೆ. ಸುದ್ದಿ ಬಂದ ತಿಂಗಳ ಪುಟದಲ್ಲಿ ಅವರ ಅಕ್ಷರದಲ್ಲಿ ಹಿಂಗಿದೆ: ಹಿಂಡಿ ಸುದ್ದಿ ನೋಡಿ 61, ಪರಿಚಯದೋರು ಹೇಳಿ 38, ಗೂಗಲ್ 17, ಆಟೋ ಬ್ಯಾನರ್ 2. ಆ ಎರಡರಲ್ಲಿ ಒಬ್ಬರು ಬ್ಯಾನರ್ ಕಟ್ಟಿದ್ದ ಆಟೋ ಡ್ರೈವರೇ ಅಂತ ಪಕ್ಕದಲ್ಲಿ ಸಣ್ಣದಾಗಿ ಬರೆದಿಟ್ಟಿದಾರೆ.